ಸೆಂಡ್ ಕೊಟ್ಟರೆ ಭಾಗವತರ ಸ್ವರ ತೆಳ್ಳಗಾಗುವುದಿಲ್ಲ

ಉಡುಪಿ, ಮಂಗಳೂರಿನ ಕಡೆ ಮನೆಯಲ್ಲೇ ಯಕ್ಷಗಾನದ ಪದ ರೆಕಾರ್ಡ್ ಮಾಡುವವರ ನಡುವೆ ರಿವರ್ಬ್ (ಸ್ವರಕ್ಕೆ ದೊಡ್ಡ ಹಾಲ್‌ನಂಥ ಗುಂಯ್ ಸೇರಿಸುವ ಎಫೆಕ್ಟ್) ಬಗ್ಗೆ ಒಂದು ಮಾತು ಓಡಾಡುತ್ತಿದೆ: ‘ರಿವರ್ಬ್‌ಗೆ ಸೆಂಡ್ ಕೊಟ್ಟರೆ ಸ್ವರ ಅರ್ಧ ಅಲ್ಲಿಗೆ ಹೋಗಿ ಉಳಿದದ್ದು ತೆಳ್ಳಗಾಗುತ್ತದೆ. ಪ್ರತಿ ಟ್ರ್ಯಾಕಿಗೂ ಬೇರೆ ರಿವರ್ಬ್ ಹಾಕಿ.’

ಇದು ತಪ್ಪು. ಸೆಂಡ್ ಅಂದರೆ ಒಂದು ಟ್ರ್ಯಾಕಿನ ಸದ್ದನ್ನು ಇನ್ನೊಂದು ಟ್ರ್ಯಾಕಿಗೆ ಕಳಿಸುವುದು. ಅದು ಪೈಪಿನಿಂದ ನೀರು ತಿರುಗಿಸಿದ ಹಾಗಲ್ಲ, ಜೆರಾಕ್ಸ್ ತೆಗೆದ ಹಾಗೆ. ಮೂಲ ಸ್ವರ ಹಾಗೇ ಎಲ್ಲ ಟ್ರ್ಯಾಕ್ ಕೊನೆಗೆ ಸೇರುವ ಮಾಸ್ಟರ್‌ಗೆ ಹೋಗುತ್ತದೆ, ಅದರ ಪ್ರತಿ ಮಾತ್ರ ರಿವರ್ಬ್‌ಗೆ. ಭಾಗವತರು, ಚೆಂಡೆ, ಮದ್ದಳೆ ಮೂರಕ್ಕೂ ಒಂದೇ ರಿವರ್ಬ್ ಟ್ರ್ಯಾಕ್ ಸಾಕು. ಇಡೀ ಹಿಮ್ಮೇಳ ಒಂದೇ ಕಡೆ ಕೂತಂತೆ ಕೇಳುತ್ತದೆ, ಕಂಪ್ಯೂಟರಿಗೂ ಭಾರ ಕಮ್ಮಿ. ಚೆಂಡೆಗೆ ಮಾತ್ರ ಜಾಸ್ತಿ ಕೊಡಬೇಡಿ, ಪೆಟ್ಟೆಲ್ಲ ಕಲಸಿಹೋಗುತ್ತದೆ.

ಹಾಗಾದರೆ ಕೆಲವರಿಗೆ ತೆಳ್ಳಗೆ ಕೇಳಿಸಿದ್ದು ಸುಳ್ಳಾ? ಅಲ್ಲ, ಕಾರಣ ಬೇರೆ ಇರಬಹುದು. ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್‌ನ ರೂಟಿಂಗ್‌ನಲ್ಲಿ ಮಾಸ್ಟರ್ ಸೆಂಡ್‌ನ ಟಿಕ್ ಕೈತಪ್ಪಿ ತೆಗೆದುಬಿಟ್ಟರೆ ಮೂಲ ಸ್ವರವೇ ಮಾಯ! ಬರೀ ಗುಂಯ್‌ಗುಡುವ ರಿವರ್ಬ್ ಉಳಿಯುತ್ತದೆ. ನಾನೂ ಒಂದು ರಾತ್ರಿ ಇದೇ ತಪ್ಪು ಮಾಡಿ ಸುಮ್ನೆ ಮೈಕಿಗೆ ಬೈದಿದ್ದೇನೆ.

ರಿವರ್ಬ್ ಟ್ರ್ಯಾಕಿನಲ್ಲಿ ಡ್ರೈ (ಮೂಲ ಸದ್ದು) ಪೂರ್ತಿ ಇಳಿಸಿ, ವೆಟ್ (ರಿವರ್ಬ್ ಸದ್ದು) ಮಾತ್ರ ಬಿಡಿ. ಸ್ವರದ ಫೇಡರ್ (ಟ್ರ್ಯಾಕಿನ ವಾಲ್ಯೂಮ್) ಇಳಿಸಿದರೂ ರಿವರ್ಬ್ ಕೇಳುತ್ತಲೇ ಇದೆಯಾ? ಸೆಂಡ್ ಪ್ರೀ ಫೇಡರ್ ಆಗಿದೆ, ಅಂದರೆ ಪ್ರತಿ ಫೇಡರ್ ದಾಟುವ ಮೊದಲೇ ಹೋಗುತ್ತಿದೆ; ಪೋಸ್ಟ್ ಫೇಡರ್‌ಗೆ ಬದಲಿಸಿ.