ಅಮ್ಮನ ಮನೆಗೆ ಕೇಬಲ್ಲೋ ಡಿಶ್ಶೋ?

ಈ ಸಲ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ವಾರ ಅಮ್ಮನ ಮನೆಗೆ ಹೋಗಿದ್ದೆ. ಕೊಡಗಿನ ಮೂರ್ನಾಡಿನಿಂದ 3 ಕಿಲೋಮೀಟರ್ ಒಳಗೆ, ತೋಟದ ನಡುವಿನ ಮನೆ. ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ ಇದ್ದಾರೆ. ಕಾಫಿ ಲೋಟ ಕೈಗೆ ಕೊಡುತ್ತಾ ಕೇಳಿದರು, "ಈ ಮಳೆಗಾಲಕ್ಕಾದರೂ ಟಿವಿ ಸರಿ ಮಾಡಿಸ್ತೀಯಾ ಮಗ?"

ಕಳೆದ ಜುಲೈಯಲ್ಲಿ ಅವರ ಮನೆಗೆ 11 ದಿನ ಕೇಬಲ್ ಬಂದಿರಲಿಲ್ಲ. ಸಿಲ್ವರ್ ಓಕ್ ಮರವೊಂದು ಬಿದ್ದು ವಯರ್ ಹರಿದಿತ್ತು. ನಾನು ಕೇಬಲ್‌ನವರನ್ನು ಬೈಯುವುದಿಲ್ಲ. ಆ ಮನುಷ್ಯ, ಜೊತೆಗೊಬ್ಬ ಹುಡುಗ, ಇಬ್ಬರೇ ಮಳೆಯಲ್ಲಿ ಏಣಿ ಹೊತ್ತು ತೋಟ ತೋಟ ಅಲೆಯುತ್ತಿದ್ದರು. ಕರೆಂಟೇ ಇಲ್ಲದ ಊರಲ್ಲಿ ಕೇಬಲ್ ಜೋಡಿಸಿ ಏನು ಮಾಡುವುದು, ಅಲ್ವಾ?

ಬೆಂಗಳೂರಿನಲ್ಲಿರುವ ತಮ್ಮ ಫೋನಿನಲ್ಲಿ ಒಂದೇ ಮಾತು ಹೇಳಿದ. "ಡಿಶ್ ಹಾಕಿಸಿಬಿಡು ಅಣ್ಣ, ತಲೆನೋವೇ ಇಲ್ಲ." ನನಗೂ ಸರಿ ಅನಿಸಿತ್ತು. ಆಮೇಲೆ ಅಲ್ಲಿ ಇಲ್ಲಿ ವಿಚಾರಿಸಿದೆ. ಬೆಂಗಳೂರಿನ ಲೆಕ್ಕ ಕೊಡಗಿಗೆ ನಡೆಯುವುದಿಲ್ಲ ಅಂತ ಈಗ ನನಗೆ ಖಚಿತವಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ತೋಟದ ಮನೆಗಳಲ್ಲಿ ವಯಸ್ಸಾದವರನ್ನು ಬಿಟ್ಟು ಹೊರಗೆ ದುಡಿಯುವ ನಮ್ಮಂಥವರು ತುಂಬಾ ಜನ ಇದ್ದೇವೆ.

ಮೊದಲು ದುಡ್ಡಿನ ಮಾತು ಮುಗಿಸುತ್ತೇನೆ. ಎಲ್ಲರೂ ಅದನ್ನೇ ಮೊದಲು ಕೇಳುತ್ತಾರೆ, ಆದರೆ ಅದರಲ್ಲಿ ಅಂಥ ವ್ಯತ್ಯಾಸ ಇಲ್ಲ. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, ಹೊಸ ನಿಯಮ ಬಂದಾಗಿನಿಂದ ದುಡ್ಡು ಕೊಟ್ಟು ನೋಡುವ ಪ್ರತಿ ಪೇ ಚಾನೆಲ್‌ನ ಬೆಲೆಯನ್ನು ಆ ಚಾನೆಲ್‌ನವರೇ ಪ್ರಕಟಿಸಬೇಕು. ಕೇಬಲ್ ಇರಲಿ ಡಿಶ್ ಇರಲಿ, ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಅದರ ಮೇಲೆ ಸೇರುವುದು ಸಂಪರ್ಕಕ್ಕೆಂದು ತಿಂಗಳು ತಿಂಗಳು ಕೊಡುವ ನೆಟ್‌ವರ್ಕ್ ಶುಲ್ಕ. ಆಗ ಅದಕ್ಕೆ 130 ರೂಪಾಯಿ ಮತ್ತು ತೆರಿಗೆ ಅಂತ ಮಿತಿ ಇತ್ತು. 2024ರಲ್ಲಿ ಆ ಮಿತಿ ತೆಗೆದರು. ಹಾಗಾಗಿ ಈಗ ಬಿಲ್ ನೋಡಿ, ಕೇಳಿ ತೆಗೆದುಕೊಳ್ಳಿ. ಅಷ್ಟೇ.

ನಮ್ಮ ಕಡೆ ನಿಜವಾದ ಪ್ರಶ್ನೆ ಮಳೆ ಮತ್ತು ಕರೆಂಟು.

ಮಳೆ ಜೋರಾದರೆ ಡಿಶ್ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಯಾಕೆ ಅಂತ ನನಗೆ ಗೊತ್ತಿರಲಿಲ್ಲ. ಮನೆ ಡಿಶ್‌ಗೆ ಸಿಗ್ನಲ್ ಬರುವುದು ಕೆಯು ಬ್ಯಾಂಡ್ ಅನ್ನುವ ರೇಡಿಯೋ ಅಲೆಯಲ್ಲಿ. ಆ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರ. ದಪ್ಪ ಹನಿಗಳ ಮಳೆ ಅದನ್ನು ಹೀರಿ ಚದುರಿಸಿಬಿಡುತ್ತದೆ. ಜಿಟಿಜಿಟಿ ಮಳೆಗೆ ಏನೂ ಆಗುವುದಿಲ್ಲ. ಸುರಿಯುವ ಹೊತ್ತು ಹೋಗುತ್ತದೆ, ಮಳೆ ಸ್ವಲ್ಪ ಇಳಿದರೆ ತಾನಾಗಿ ಬರುತ್ತದೆ. ಕೇಬಲ್ ಕಂಪನಿ ಚಾನೆಲ್‌ಗಳನ್ನು ಹಿಡಿದು ವಯರಿಗೆ ಬಿಡುವ ಕೇಂದ್ರಕ್ಕೆ ಹೆಡ್‌ಎಂಡ್ ಅಂತಾರೆ. ಅಲ್ಲೂ ಇರುವುದು ಡಿಶ್ಶೇ. ಆದರೆ ಅದು ದೊಡ್ಡದು. ಅದು ಹಿಡಿಯುವ ಸಿ ಬ್ಯಾಂಡ್ ಅಲೆ ಏಳು ಸೆಂಟಿಮೀಟರ್‌ಗೂ ಉದ್ದ, ಮಳೆಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಕೇಬಲ್‌ನ ಕಷ್ಟ ಆಕಾಶದಲ್ಲಿ ಇಲ್ಲ, ಹೆಡ್‌ಎಂಡ್‌ನಿಂದ ನಮ್ಮ ಜಗಲಿಯವರೆಗಿನ ದಾರಿಯಲ್ಲಿ ಇದೆ.

ಆ ದಾರಿಯಲ್ಲಿ ಇನ್ನೊಂದು ವಿಷಯ ಇದೆ. ಯಾರೂ ಇದನ್ನು ನನಗೆ ಹೇಳಿರಲಿಲ್ಲ. ಕೇಬಲ್ ದೂರ ಹೋದಷ್ಟೂ ಸಿಗ್ನಲ್ ಸೋಲುತ್ತದೆ. ಅದಕ್ಕೆ ನಡುನಡುವೆ ಕಂಬದಲ್ಲೋ ಯಾರದ್ದೋ ಮನೆಯ ಸೂರಿನಡಿಯಲ್ಲೋ ಸಿಗ್ನಲ್‌ಗೆ ಬಲ ತುಂಬುವ ಆಂಪ್ಲಿಫೈಯರ್ ಇಟ್ಟಿರುತ್ತಾರೆ. ಅದು ನಡೆಯುವುದು ಕರೆಂಟಿನಲ್ಲಿ. ಆ ಜಾಗದಲ್ಲಿ ಕರೆಂಟ್ ಹೋದರೆ ಆಚೆಗಿನ ಮನೆಗಳಿಗೆಲ್ಲ ಟಿವಿ ಇಲ್ಲ. ನಾನು ಅಮ್ಮನಿಗೆ ಸಾಲ ಮಾಡಿ ಒಳ್ಳೆ ಯುಪಿಎಸ್ ಹಾಕಿಸಿಕೊಟ್ಟಿದ್ದೆ. ಲೈಟ್ ಉರಿಯುತ್ತಿತ್ತು, ಟಿವಿ ಆನ್ ಆಗುತ್ತಿತ್ತು, ಪರದೆಯಲ್ಲಿ ಮಾತ್ರ 'ಸಿಗ್ನಲ್ ಇಲ್ಲ'. ಡಿಶ್ ಆದರೆ ನಮ್ಮ ಮನೆಯ ಯುಪಿಎಸ್ ಇದ್ದರೆ ಸಾಕು. ಕರೆಂಟ್ ಮೂರು ನಾಲ್ಕು ದಿನ ಬರದ ಊರಿಗೆ ಇದು ಸಣ್ಣ ಮಾತಲ್ಲ.

ಹಾಗಾದರೆ ಡಿಶ್ಶೇ ಗೆದ್ದಿತಲ್ಲ ಅಂತ ಅಮ್ಮನಿಗೆ ಹೇಳಿದೆ. ಅವರು ಕೇಳಿದರು, "ಅದರಲ್ಲಿ ನಮ್ಮ ಲೋಕಲ್ ಚಾನೆಲ್ ಬರ್ತದಾ?"

ಬರುವುದಿಲ್ಲ. ಲೋಕಲ್ ಚಾನೆಲ್ ಇರುವುದು ಕೇಬಲ್‌ನಲ್ಲಿ ಮಾತ್ರ.

ನಾನು ಸುಮ್ಮನಾದೆ. 2018ರ ಆಗಸ್ಟ್ ನೆನಪಾಯಿತು. ಮಕ್ಕಂದೂರು, ಮಾದಾಪುರ, ಜೋಡುಪಾಲ ಕಡೆ ಗುಡ್ಡ ಕುಸಿದಾಗ ದೊಡ್ಡ ಚಾನೆಲ್‌ಗಳು ಒಂದೇ ದೃಶ್ಯವನ್ನು ಇಡೀ ದಿನ ತೋರಿಸುತ್ತಿದ್ದವು. ಯಾವ ರಸ್ತೆ ತೆರೆದಿದೆ, ಯಾವ ಊರಿನವರು ಎಲ್ಲಿದ್ದಾರೆ ಅಂತ ನಮಗೆ ತಿಳಿದದ್ದು ಲೋಕಲ್ ಚಾನೆಲ್‌ನಿಂದ. ಈಗಲೂ ಅಷ್ಟೇ. ಭಾಗಮಂಡಲದಲ್ಲಿ ನೀರು ಎಲ್ಲಿಗೆ ಬಂತು, ಹಾರಂಗಿ ಅಣೆಕಟ್ಟಿನಿಂದ ಎಷ್ಟು ಬಿಟ್ಟರು, ನಾಳೆ ಶಾಲೆಗೆ ರಜೆಯಾ, ಇವನ್ನೆಲ್ಲ ಅಮ್ಮ ಅದರಲ್ಲೇ ನೋಡುವುದು. ಯಾರು ತೀರಿಕೊಂಡರು ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ. ಮಡಿಕೇರಿ ದಸರಾದ ದಶಮಂಟಪಗಳ ಮೆರವಣಿಗೆ ನೋಡಲು ಅವರು ಈಗ ರಾತ್ರಿ ನಿದ್ದೆಗೆಟ್ಟು ಹೋಗಲಾರರು. ಕೂತಲ್ಲೇ ನೋಡುತ್ತಾರೆ. ಫೋನಿನಲ್ಲಿ ನೋಡಬಹುದಲ್ಲ ಅಂತೀರಾ? ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ನಮ್ಮ ಕಡೆ ಟವರ್ ಕೂಡ ಹೋಗುತ್ತದೆ.

ಒಬ್ಬರೇ ಇರುವ ಅಮ್ಮನಿಗೆ ಆ ಚಾನೆಲ್ ಅಂದರೆ ಪಕ್ಕದ ಮನೆ ಇದ್ದ ಹಾಗೆ. ನಮ್ಮ ಪಕ್ಕದ ಮನೆಗೆ ಅರ್ಧ ಕಿಲೋಮೀಟರ್ ನಡೆಯಬೇಕು. ಆ ಲೋಕಲ್ ಚಾನೆಲ್ ಕಿತ್ತು ಹಾಕಿ ಇನ್ನೂರು ಚಾನೆಲ್ ಕೊಟ್ಟರೂ ಅವರಿಗೆ ನಷ್ಟವೇ.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ಮಡಿಕೇರಿ, ವಿರಾಜಪೇಟೆ, ಕುಶಾಲನಗರದಂಥ ಪೇಟೆಯಲ್ಲಿ ಮನೆ ಇದ್ದರೆ ಯೋಚನೆಯೇ ಬೇಡ, ಕೇಬಲ್ ಸಾಕು. ಹರಿದರೂ ಒಂದೆರಡು ದಿನದಲ್ಲಿ ಜೋಡಿಸುತ್ತಾರೆ. ಕೇಬಲ್ ತಲುಪದ ತೋಟಕ್ಕೆ ಡಿಶ್ ಒಂದೇ ದಾರಿ. ಅಮ್ಮನ ಮನೆಯ ಹಾಗೆ ಕೇಬಲ್ ತಲುಪಿದೆ, ಆದರೆ ಮಳೆಗಾಲದಲ್ಲಿ ನಂಬುವ ಹಾಗಿಲ್ಲ ಅಂತಿದ್ದರೆ, ಕೇಬಲ್ ಬಿಡಬೇಡಿ. ಪಕ್ಕದಲ್ಲಿ ಡಿಡಿ ಫ್ರೀ ಡಿಶ್ ಒಂದು ಹಾಕಿಸಿ. 2004ರಿಂದ ನಡೆಯುತ್ತಿರುವ ದೂರದರ್ಶನದ ಸೇವೆ ಅದು. ಡಿಶ್‌ಗೂ ಬಾಕ್ಸ್‌ಗೂ ಒಂದು ಸಲ ಕೊಟ್ಟರೆ ಮುಗಿಯಿತು, ತಿಂಗಳ ಬಿಲ್ ಇಲ್ಲ. ಸಂಜೆಯ ಸೀರಿಯಲ್ ಹಾಕುವ ದೊಡ್ಡ ಚಾನೆಲ್‌ಗಳೆಲ್ಲ ಅದರಲ್ಲಿ ಸಿಗುವುದಿಲ್ಲ. ಆದರೆ ಚಂದನ ಸಿಗುತ್ತದೆ, ವಾರ್ತೆ ಸಿಗುತ್ತದೆ. ಕೇಬಲ್ ಹರಿದ ಆ ಹತ್ತು ದಿನಕ್ಕೆ ಮನೆಯಲ್ಲಿ ಒಂದು ಸ್ವರ ಇರುತ್ತದೆ.

ಹಾಕಿಸುವಾಗ ಅವಸರ ಮಾಡಬೇಡಿ. ನನ್ನ ಸ್ವಂತ ಮನೆಯಲ್ಲಿ ಹಿಂದೆ ಒಂದು ಕಂಪನಿಯ ಹುಡುಗ ಬಿಸಿಲಿರುವಾಗ ಬಂದು, ಚಿತ್ರ ಕಂಡ ಕೂಡಲೇ ಬೋಲ್ಟ್ ಬಿಗಿದು ಹೋಗಿಬಿಟ್ಟ. ಮೊದಲ ಜೋರು ಮಳೆಗೇ ಹೋಯಿತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಮಾಡಿ ಸಾಕಾಗಿ ಆರನೇ ದಿನ ಯಾರೋ ಬಂದರು. ಈಗಿನ ಡಿಜಿಟಲ್ ಚಿತ್ರ ಮಸುಕಾಗುವುದಿಲ್ಲ. ಬಂದರೆ ಪೂರ್ತಿ ಬರುತ್ತದೆ, ಸಿಗ್ನಲ್ ಕಮ್ಮಿಯಾದರೆ ಚೌಕ ಚೌಕವಾಗಿ ಒಡೆದು ನಿಂತೇ ಹೋಗುತ್ತದೆ. ಹಾಗಾಗಿ ಚಿತ್ರ ನೋಡಿ ಒಪ್ಪಬೇಡಿ. ಬಾಕ್ಸ್‌ನ ಮೆನುವಿನಲ್ಲಿ ಸಿಗ್ನಲ್ ಕ್ವಾಲಿಟಿ ತೋರಿಸುವ ಪಟ್ಟಿ ಇರುತ್ತದೆ. ಅದು ಆದಷ್ಟು ಮೇಲೆ ಹೋಗುವವರೆಗೆ ತಿರುಗಿಸಲು ಹೇಳಿ. ಸಾಧಾರಣ 60 ಸೆಂಟಿಮೀಟರ್ ಡಿಶ್ ಬದಲು 90ರದ್ದು ಹಾಕಿಸಿದರೆ ಎರಡರಷ್ಟಕ್ಕಿಂತಲೂ ಜಾಸ್ತಿ ಸಿಗ್ನಲ್ ಹಿಡಿಯುತ್ತದೆ. ನಮ್ಮ ಮಳೆಗೆ ಅದೇ ಬೇಕು. ಮತ್ತೆ, ಸಿಡಿಲು ಶುರುವಾಗುವ ಮೊದಲೇ ಕೇಬಲ್ಲೂ ಡಿಶ್ಶೂ ಎರಡರ ವಯರನ್ನೂ ಕಳಚಿಡಲು ಮನೆಯವರಿಗೆ ಕಲಿಸಿಕೊಡಿ. ಏಪ್ರಿಲ್, ಮೇ ತಿಂಗಳಲ್ಲಿ ಎಷ್ಟು ಟಿವಿ ಸುಟ್ಟಿವೆ ಅಂತ ನಿಮಗೂ ಗೊತ್ತು.

ಫ್ರೀ ಡಿಶ್‌ನ ಉಪಗ್ರಹ ನಮ್ಮ ಕಡೆಯಿಂದ ನೋಡಿದರೆ ಆಗ್ನೇಯಕ್ಕೆ, ಸಾಕಷ್ಟು ಎತ್ತರದಲ್ಲಿದೆ. ಅಮ್ಮನ ಮನೆಯ ಆ ಮೂಲೆಯಲ್ಲಿ ಅಪ್ಪ ನೆಟ್ಟ ಎರಡು ಸಿಲ್ವರ್ ಓಕ್ ಇವೆ. ಮರ ಕಡಿಯಲು ಅಮ್ಮ ಒಪ್ಪುವುದಿಲ್ಲ, ನನಗೂ ಮನಸ್ಸಿಲ್ಲ. ಮುಂದಿನ ವಾರ ಮರಗಸಿಗೆ, ಅಂದರೆ ತೋಟದ ಮರಗಳ ಕೊಂಬೆ ಕಡಿಯಲು, ಆಳುಗಳು ಬರುತ್ತಾರೆ. ಆ ಬದಿಯ ಕೊಂಬೆ ಮೊದಲು ಇಳಿಸಿ ಅಂತ ಹೇಳಿದ್ದೇನೆ. ಜೂನ್ ಮೊದಲ ವಾರದೊಳಗೆ ಡಿಶ್ ಕೂರಬೇಕು. ಮೂರ್ನಾಡು, ನಾಪೋಕ್ಲು ಕಡೆ 90 ಸೆಂಟಿಮೀಟರ್ ಡಿಶ್ ಎಲ್ಲಿ ಸಿಗುತ್ತದೆ, ನಿಧಾನಕ್ಕೆ ಕೂತು ಸರಿಯಾಗಿ ಹೊಂದಿಸಿ ಕೊಡುವವರು ಯಾರಿದ್ದಾರೆ, ಗೊತ್ತಿದ್ದವರು ದಯವಿಟ್ಟು ತಿಳಿಸಿ.