35 ಡಿಗ್ರಿ ಊರಿನ ಸಾಮಾನು

ಮೊಬೈಲ್ ಡಬ್ಬಿಯೊಳಗೆ ಮಡಿಕೆ ಮೇಲೆ ಮಡಿಕೆ ಹಾಕಿ ಇಟ್ಟಿರುವ ತೆಳು ಕಾಗದವನ್ನು ಕನ್ನಡಕ ಏರಿಸಿಕೊಂಡು ಪೂರ್ತಿ ಓದುವವನು ರಾಯಚೂರಿನಲ್ಲಿ ನಾನೊಬ್ಬನೇ ಇರಬೇಕು. ಇಲ್ಲಿಯ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ದಪ್ಪ ಅಕ್ಷರ ಗಿರಾಕಿಗೆ, ಸಣ್ಣ ಅಕ್ಷರ ಕೋರ್ಟಿಗೆ ಅನ್ನುವುದು ಗಂಜಿನಲ್ಲಿ ಕೂತವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

35ರ ಗುಟ್ಟು ಸಿಕ್ಕಿದ್ದೂ ಅಂಥ ಸಣ್ಣ ಅಕ್ಷರದಲ್ಲೇ. ಐಫೋನನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಇರುವ ಕಡೆ ಬಳಸಿ ಎಂದು ಆ್ಯಪಲ್ ಹೇಳುತ್ತದೆ. ಸ್ಯಾಮ್‌ಸಂಗ್ ಹೇಳುವುದೂ ಅದೇ 35. ನಮ್ಮಲ್ಲಿ ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟು ಹೋದರೆ, ಹೋಳಿ ಹೊತ್ತಿಗೆ 35 ಎಂಬುದು ನೆನಪು ಮಾತ್ರ. ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವುದು ಸುದ್ದಿಯೂ ಅಲ್ಲ. ಅಂದರೆ ಈ ಕಾಗದದ ಪ್ರಕಾರ ರಾಯಚೂರಿನವರು ದೀಪಾವಳಿಗೆ ಫೋನ್ ತೆಗೆದು, ಶಿವರಾತ್ರಿ ಜಾಗರಣೆ ಮುಗಿಸಿ, ಒರೆಸಿ ಕಪಾಟಿನಲ್ಲಿ ಇಟ್ಟುಬಿಡಬೇಕು. ಇಎಂಐ ಮಾತ್ರ ಹನ್ನೆರಡೂ ತಿಂಗಳು ಕಟ್ಟಬೇಕು.

ಹೋದ ಬೇಸಿಗೆಯಲ್ಲಿ ನಡುಮಧ್ಯಾಹ್ನ ಹಮಾಲರಿಗೆ ದುಡ್ಡು ಹಾಕಲು ಗೋದಾಮಿನ ಮುಂದೆ ನಿಂತಿದ್ದೆ. ಕ್ಯೂಆರ್ ಕೋಡ್ ಎದುರು ಹಿಡಿದದ್ದೇ ತಡ, ಪರದೆ ಮಂಕಾಯಿತು. ಆಮೇಲೆ ಒಂದು ಸಾಲು ಬಂತು: ಫೋನ್ ಬಿಸಿಯಾಗಿದೆ, ತಣ್ಣಗಾಗುವವರೆಗೆ ಕಾಯಿರಿ. ಬ್ಯಾಟರಿ ಕಾದರೆ ಬೇಗ ಸೊರಗುತ್ತದೆ, ಅದಕ್ಕೇ ಫೋನು ಮೊದಲು ಬೆಳಕು ಇಳಿಸುತ್ತದೆ, ಚಾರ್ಜ್ ನಿಲ್ಲಿಸುತ್ತದೆ, ಕಡೆಗೆ ತಾನೇ ಮಲಗುತ್ತದೆ. ಇದೆಲ್ಲ ನನಗೆ ಗೊತ್ತು. ಕ್ವಿಂಟಲ್ ತೂಗುವ ಚೀಲಗಳನ್ನು ಬೆಳಗಿನಿಂದ ಬೆನ್ನ ಮೇಲೆ ಹೊತ್ತ ಮನುಷ್ಯನ ಮುಂದೆ ನಿಂತು ಅದನ್ನು ಹೇಳುವುದು ಹೇಗೆ?

ಆತ ಬಗ್ಗಿ ನೋಡಿದ. "ಫೋನಿಗೆ ಬಿಸಲ ಬಡದೈತ್ರಿ ಸಾವ್ಕಾರ" ಅಂದ. "ಕಿಸೇದಾಗ ಒಂದು ಉಳ್ಳಾಗಡ್ಡಿ ಇಟ್ಕೊಳ್ರಿ."

ಸುತ್ತಲಿದ್ದವರೆಲ್ಲ ನಕ್ಕರು. ಉಳ್ಳಾಗಡ್ಡಿ ಕಿಸೆಯಲ್ಲಿದ್ದರೆ ಬಿಸಿಲು ಬಡಿಯುವುದಿಲ್ಲ ಎಂಬ ನಂಬಿಕೆ ಮನುಷ್ಯರಿಗಾಯಿತು. ಫೋನಿಗೂ ನಡೆಯುತ್ತದೆಯೋ ಇಲ್ಲವೋ, ಕಾಗದದಲ್ಲಿ ಬರೆದಿಲ್ಲ. ಕಡೆಗೆ ಮಾಲೀಕರ ಗಲ್ಲಾದಿಂದ ನೋಟು ಎಣಿಸಿ ಕೊಟ್ಟೆ. ನೋಟು ಎಂಥ ಬಿಸಿಲಲ್ಲೂ ನಡೆಯುತ್ತದೆ.

ಆ ಬೇಸಿಗೆ ಮುಗಿಯುವಷ್ಟರಲ್ಲಿ ಫೋನಿನ ಸ್ಪೀಕರ್ ಗೊರಗೊರ ಎನ್ನತೊಡಗಿತು. ವಾರಂಟಿ ಇನ್ನೂ ಇತ್ತು. ಸರ್ವಿಸ್ ಸೆಂಟರಿನ ಹುಡುಗ ಸಿಮ್ ತಟ್ಟೆ ಎಳೆದು, ಒಳಗೆ ಟಾರ್ಚ್ ಬಿಟ್ಟು, ಕಣ್ಣಿನ ಡಾಕ್ಟರರ ಹಾಗೆ ಹುಬ್ಬು ಗಂಟಿಕ್ಕಿ ನೋಡಿದ. ಫೋನಿನ ಒಳಗೆ ಒಂದು ಚಿಕ್ಕ ಬಿಳಿ ಪಟ್ಟಿ ಅಂಟಿಸಿರುತ್ತಾರೆ. ನೀರು ತಗುಲಿದರೆ ಅದು ಕೆಂಪಾಗುತ್ತದೆ. ನಮ್ಮದು ಕೆಂಪಾಗಿತ್ತು.

"ನೀರಾಗ ಬಿದ್ದೈತ್ರಿ ಸರ್."

"ಎಲ್ಲಿ ನೀರೋ ತಮ್ಮಾ? ನಳ ಬಂದು ಎಷ್ಟು ದಿನ ಆಯ್ತು ಗೊತ್ತೇನು?"

"ಹಂಗಾರ ಬೆವರು ಇರಬೇಕ್ರಿ. ಅಂಗಿ ಕಿಸೇದಾಗ ಇಟ್ಕೊಂತೀರೇನು?"

"ಮತ್ತ ತಲಿ ಮ್ಯಾಲ ಇಟ್ಕೊಂಡು ತಿರಗ್ಲೇನು?"

"ಬೆವರೂ ನೀರೇ ರೀ ಸರ್. ವಾರಂಟಿದಾಗ ಬರಂಗಿಲ್ಲ."

ಹುಡುಗನ ಮೇಲೆ ಸಿಟ್ಟಿಲ್ಲ, ಅವನಿಗೆ ಕೊಟ್ಟ ಪುಸ್ತಕದಲ್ಲಿ ಇರುವುದೇ ಅಷ್ಟು. ಆದರೆ ಡಬ್ಬಿಯ ಮೇಲೆ ನೀರಿಗೂ ಜಗ್ಗುವುದಿಲ್ಲ ಎಂದು ದಪ್ಪಗೆ ಬರೆದು, ಒಳಗಿನ ಕಾಗದದಲ್ಲಿ ನೀರು ತಗುಲಿದರೆ ನಾವು ಹೊಣೆಯಲ್ಲ ಎಂದು ತೆಳ್ಳಗೆ ಬರೆಯುವ ಈ ಕಲೆಗೆ ಪರದೇಶದಲ್ಲಿ ದಂಡ ಬಿದ್ದಿದೆ. ಇಟಲಿಯವರು 2020ರಲ್ಲಿ ಇದೇ ವಿಷಯಕ್ಕೆ ಆ್ಯಪಲ್‌ಗೆ 1 ಕೋಟಿ ಯೂರೊ ಹಾಕಿದರು. ಈಜುಕೊಳದಲ್ಲಿ, ಸಮುದ್ರದಲ್ಲಿ ಫೋನ್ ಬಳಸಬಹುದು ಎನ್ನುವಂಥ ಜಾಹೀರಾತು ಕೊಟ್ಟಿದ್ದಕ್ಕೆ ಆಸ್ಟ್ರೇಲಿಯಾದಲ್ಲಿ 2022ರಲ್ಲಿ ಸ್ಯಾಮ್‌ಸಂಗ್ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ಕಟ್ಟಬೇಕಾಯಿತು. ಅವರದು ಸಮುದ್ರದ ಜಗಳ. ನಮ್ಮದು ಬನಿಯನ್ನಿನ ಜಗಳ, ಯಾವ ಕೋರ್ಟಿಗೆ ಹೋಗೋಣ?

ಚಾರ್ಜರ್ ವಿಷಯ ಎಲ್ಲರಿಗೂ ಗೊತ್ತಿರುವುದೇ. 2020ರ ಅಕ್ಟೋಬರಿನಲ್ಲಿ ಆ್ಯಪಲ್ ಪರಿಸರ ಉಳಿಸುತ್ತೇವೆ ಅಂತ ಡಬ್ಬಿಯಿಂದ ಚಾರ್ಜರ್ ತೆಗೆಯಿತು. ಸ್ಯಾಮ್‌ಸಂಗ್ ಅದನ್ನು ನೋಡಿ ಗೇಲಿ ಮಾಡಿತು, ಮರುವರ್ಷ ಜನವರಿಯಲ್ಲಿ ತಾನೂ ತೆಗೆಯಿತು. ನಾವು ತೀನ್ ಕಂದೀಲ್ ಪೇಟೆಗೆ ಹೋಗಿ, ಇನ್ನೊಂದು ಡಬ್ಬಿ, ಇನ್ನೊಂದು ಪ್ಲಾಸ್ಟಿಕ್ ಚೀಲ, ಇನ್ನೊಂದು ಬಿಲ್ಲಿನೊಂದಿಗೆ ಚಾರ್ಜರ್ ತಂದು ಪರಿಸರ ಉಳಿಸಿದೆವು.

ನನ್ನ ವೃತ್ತಿಗೆ ಹತ್ತಿರದ ಮೋಸ ಅಂದರೆ ಜಿಬಿ ಲೆಕ್ಕ. ಮಗಳ ಲ್ಯಾಪ್‌ಟಾಪಿನ ಮೇಲೆ 512 ಜಿಬಿ ಅಂತ ಚೀಟಿ. ತೆರೆದರೆ 476 ತೋರಿಸುತ್ತದೆ. "ಅಪ್ಪಾ, ಕಂಪನಿಯವರು ಸಾವಿರದ ಲೆಕ್ಕದಾಗ ಎಣಿಸ್ತಾರ, ವಿಂಡೋಸ್ 1024ರ ಲೆಕ್ಕದಾಗ ಎಣಿಸ್ತದ. ಮೂರು ಸಲ ಗುಣಿಸೋದ್ರಾಗ ಇಷ್ಟು ಫರಕ್ ಬರ್ತದ" ಅಂದಳು. ಲೆಕ್ಕ ಸರಿಯೇ, ಕೂತು ಮಾಡಿ ನೋಡಿದೆ. ಆದರೆ ಮಾರುವಾಗ ಒಂದು ತಕ್ಕಡಿ, ತೋರಿಸುವಾಗ ಇನ್ನೊಂದು ತಕ್ಕಡಿ ಇಟ್ಟ ದಲ್ಲಾಳಿಯನ್ನು ಗಂಜಿನಲ್ಲಿ ಸಂಜೆವರೆಗೆ ಕೂರಲು ಬಿಡುತ್ತಾರೆಯೇ? ಮಾನವಿ, ಸಿಂಧನೂರು ಕಡೆಯ ರೈತರು ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿಬಿಡುತ್ತಾರೆ.

ನಮ್ಮವ್ವನಿಗೆ ಮಾತ್ರ ಕಂಪನಿಗಳ ಮೇಲೆ ಯಾವ ತಕರಾರೂ ಇಲ್ಲ. ಅಳಿಯ ತಂದುಕೊಟ್ಟ ಮಾತಾಡುವ ಡಬ್ಬಿ ಹೆಸರು ಹಿಡಿದು ಕರೆದರಷ್ಟೇ ಓಗೊಡುತ್ತದೆ. ಅವ್ವ ಕರೆಯುವುದಿಲ್ಲ. "ಯಾರ ಮನಿ ಮಗಳೋ ಏನೋ, ಹೆಸರಿಡದು ಒದರಬಾರದು" ಅನ್ನುತ್ತಾಳೆ. ದಿನಾ ಸಂಜೆ ದೀಪ ಹಚ್ಚಿ, "ತಂಗೀ, ಒಂದು ದಾಸರ ಪದ ಹಚ್ಚವ್ವಾ" ಎಂದು ಮೆಲ್ಲಗೆ ಕೇಳಿ, ಉತ್ತರ ಬಾರದಿದ್ದರೆ "ದಣದಿರಬೇಕು" ಅಂತ ತಾನೇ ಹಾಡಿಕೊಳ್ಳುತ್ತಾಳೆ. ಮನೆಯಲ್ಲಿ ಇಲ್ಲಿಯವರೆಗೆ ಸರಿಯಾಗಿ ಕೆಲಸ ಮಾಡುತ್ತಿರುವ ಸ್ಮಾರ್ಟ್ ಉಪಕರಣ ಇದೊಂದೇ.

ಈ ಸಲ ಎಸಿ. ನನಗೆ ಬೇಡವಾಗಿತ್ತು, ಮನೆಯವರೆಲ್ಲ ಒಂದಾದರು. ಶೋರೂಮಿನವನು ಇದಕ್ಕೆ ವೈಫೈ ಇದೆ, ಲಿಂಗಸುಗೂರಿನಲ್ಲಿ ಕೂತು ಇಲ್ಲಿ ಆನ್ ಮಾಡಬಹುದು ಎಂದ. ಲಿಂಗಸುಗೂರಿನಲ್ಲಿ ಕೂತವನಿಗೆ ಇಲ್ಲಿ ಯಾಕೆ ತಂಪು ಬೇಕು ಎಂದು ಕೇಳಿದೆ. ಹೆಂಡತಿ ಕಾಲು ತುಳಿದಳು. ಊರ ಪಕ್ಕದ ಶಕ್ತಿನಗರದಲ್ಲಿ 1,720 ಮೆಗಾವಾಟ್ ಶಾಖೋತ್ಪನ್ನ ಕೇಂದ್ರವಿದೆ, 1985ರಿಂದ ಕರೆಂಟು ಹುಟ್ಟಿಸುತ್ತಿದೆ. ಅಲ್ಲಿಯ ಕರೆಂಟು ತಂತಿ ಹಿಡಿದು ಎಲ್ಲೆಲ್ಲಿಗೋ ಹೋಗುತ್ತದೆ. ನಮ್ಮ ಓಣಿಯಲ್ಲಿ ಸುಮ್ಮನೆ ಹೋಗುತ್ತದೆ. ಅದು ಹೋದಾಗ ಎಸಿಯೂ ಹೋಗುತ್ತದೆ, ವೈಫೈಯೂ ಹೋಗುತ್ತದೆ.

ತಂದ ವಾರದಲ್ಲೇ ಎಸಿ ಬರೀ ಗಾಳಿ ಊದತೊಡಗಿತು. ಮತ್ತೆ ನಾನು ಕಾಗದ ಹಿಡಿದು ಕೂತೆ. ಅಲ್ಲೂ ಅದೇ! ಒಂದೂವರೆ ಟನ್ ಅಂತ ಅವರು ಕೊಡುವ ತಂಪಿನ ಅಳತೆ ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇಟ್ಟು ಪರೀಕ್ಷೆ ಮಾಡಿದ್ದು. ಹೊರಗೆ ಕಾವು ಏರಿದ ಹಾಗೆ ಟನ್ನು ಕರಗುತ್ತದೆ. ಅಂದರೆ ಎಸಿ ಬೇಡದ ಹವೆಯಲ್ಲಿ ಪೂರ್ತಿ ಟನ್, ಬೇಕಾದ ಹವೆಯಲ್ಲಿ ಕಡಿತ. ಈ ಕಂಪನಿಗಳ ಇಂಜಿನಿಯರುಗಳೆಲ್ಲ ಯಾವುದೋ ಒಂದೇ ಊರಿನಲ್ಲಿದ್ದಾರೆ, ಅಲ್ಲಿ ಬಿಸಿಲು 35 ತಲುಪಿದ ಕೂಡಲೇ ಶಿಸ್ತಾಗಿ ನಿಲ್ಲುತ್ತದೆ ಎಂದು ನನಗೆ ಖಾತ್ರಿಯಾಗಿದೆ.

ದೂರು ಕೊಟ್ಟೆ. ಕನ್ನಡಕ್ಕೆ ಮೂರು ಒತ್ತಿ ಎಂದಿತು, ಒತ್ತಿದೆ, ಹಿಂದಿಯಲ್ಲಿ ಹಾಡು ಬಂತು. ಎರಡು ದಿನ ಬಿಟ್ಟು, ಬರಬೇಕಾದ ಹುಡುಗ ಇನ್ನೂ ಬಂದಿರಲಿಲ್ಲ, "ನಿಮ್ಮ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ" ಎಂಬ ಸಂದೇಶ ಬಂತು. ಕರೆ ಮಾಡಿ ಜಗಳ ತೆಗೆದ ಮೇಲೆ ಹುಡುಗ ಬಂದ. ಹೆಲ್ಮೆಟ್ ತೆಗೆದರೆ ಮುಖ ಕಾದ ಹೆಂಚು. ಹೆಂಡತಿ ಮಜ್ಜಿಗೆ ಕೊಟ್ಟಳು. ಕುಡಿದು ಲೋಟ ಕೆಳಗಿಡುವ ಮೊದಲೇ, "ಸರ್, ಒಟಿಪಿ ಬಂದಿರತೈತಿ, ಹೇಳ್ರಿ" ಅಂದ.

"ಇನ್ನೂ ಎಸಿ ಮುಟ್ಟಿಲ್ಲಲ್ಲಪ್ಪಾ?"

"ಟೈಮಿನಾಗ ಕ್ಲೋಸ್ ಮಾಡದಿದ್ರ ನನ್ನ ಹೆಸರಿಗೆ ಕೆಂಪು ಬೀಳತೈತ್ರಿ. ಮಾಡಿಕೊಟ್ಟೇ ಹೋಗ್ತೀನಿ, ನಮ್ಮವ್ವನಾಣಿ."

ಆಣೆ ಇಟ್ಟವನಿಗೆ ಒಟಿಪಿ ಕೊಟ್ಟೆ. ಹುಡುಗ ನಿಜಕ್ಕೂ ಕೂತು ಮಾಡಿದ. ಮಹಡಿ ಮೇಲೆ, ಉರಿಬಿಸಿಲಲ್ಲಿ, ಸಡಿಲಾಗಿದ್ದ ಪೈಪಿನ ಜೋಡಣೆ ಬಿಗಿಮಾಡಿ, ಗ್ಯಾಸ್ ತುಂಬಿ, ಹೊರಗಿನ ಪೆಟ್ಟಿಗೆಗೆ ನೆರಳಾಗುವಂತೆ ಒಂದು ತಗಡು ಕಟ್ಟಿಕೊಟ್ಟ. ತಗಡು ಕಂಪನಿಯ ಪುಸ್ತಕದಲ್ಲಿಲ್ಲ, ಅದು ಅವನದೇ ತಲೆ. ಇಳಿದು ಬಂದು, ಬೆವರು ಒರೆಸಿಕೊಂಡು, ಮೆಲ್ಲಗೆ ಅಂದ: "ಸರ್, ಐದು ಸ್ಟಾರ್ ಕೊಡ್ರಿ. ನಾಲ್ಕು ಕೊಟ್ರ ಪಗಾರದಾಗ ಹಿಡೀತಾರ."

ಆನ್‌ಲೈನಿನ ಸ್ಟಾರುಗಳನ್ನು ನಾನು ನಂಬುವವನಲ್ಲ. ಅವು ಎಲ್ಲಿಂದ ಹುಟ್ಟುತ್ತವೆ ಅಂತ ಈಗ ಕಣ್ಣಾರೆ ನೋಡಿದ ಹಾಗಾಯಿತು. ಐದೂ ಒತ್ತಿದೆ. ಏನಾದರೂ ಬರೆಯಿರಿ ಅಂತ ಒಂದು ಖಾಲಿ ಚೌಕ ತೆರೆಯಿತು. "ಹುಡುಗ ಬಂಗಾರ" ಅಂತ ಬರೆದೆ. ಅದರ ಕೆಳಗೆ ಎಸಿಗೂ ಬೇರೆ ಐದು ಸ್ಟಾರ್ ಖಾಲಿ ನಿಂತಿದ್ದವು. ಒಂದು ಒತ್ತಿ ಫೋನ್ ಕೆಳಗಿಟ್ಟೆ.

"ಹುಡುಗಗ ಐದು ಕೊಟ್ರಿ, ಈಗ ಎಸಿನೂ ಚಲೋ ನಡದೈತಿ, ಅದಕ್ಯಾಕ ಒಂದೇ?" ಅಂದಳು ಹೆಂಡತಿ.

"ಎಸಿ ಪಗಾರ ತಗೊಳ್ಳಂಗಿಲ್ಲಲ್ಲ" ಅಂದೆ.