ದುಡ್ಡಿನ ಹಿಂದೆ ಹೋದವರೆಲ್ಲ ದುರಾಸೆಯವರಾ?

ಪ್ರೀತಿ, ನೆಮ್ಮದಿ ಬಿಟ್ಟು ದುಡ್ಡಿನ ಹಿಂದೆ ಬೀಳುವವರು ದುರಾಸೆಯವರು ಎಂದು ನಾನು ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಅಷ್ಟು ಸುಲಭವಾಗಿ ಹೇಳಬಹುದಾ? ನಮ್ಮ ತೀರ್ಥಹಳ್ಳಿ ಕಡೆ ಆಸೆಗಿಂತ ಭಯವೇ ಜಾಸ್ತಿ. ಮಳೆ ಬಿಡದೆ ಹಿಡಿದರೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲು ಆಗಲ್ಲ, ಕೊಳೆರೋಗ ಬಂದು ಅಡಿಕೆ ಕಾಯಿ ಉದುರುತ್ತದೆ. ಈಗ ಎಲೆಚುಕ್ಕಿ ರೋಗ ಬೇರೆ. ಅಂಥ ಮನೆಯ ಹುಡುಗ ಬೆಂಗಳೂರಿಗೆ ಹೋಗಿ ಹಗಲು ರಾತ್ರಿ ದುಡಿದರೆ ದುರಾಸೆ ಅನ್ನಲು ನನಗೆ ಮನಸ್ಸು ಬರಲ್ಲ.

ಊರಲ್ಲೇ ಉಳಿದು ತೋಟ ನೋಡಿಕೊಳ್ಳುವವರಿಗೆ ಹೆಣ್ಣು ಸಿಗೋದೇ ಕಷ್ಟ. ಮೊದಲು ಕೇಳೋದು ಸಂಬಳ. (ಹೆಣ್ಣುಮಕ್ಕಳನ್ನು ದೂರುತ್ತಿಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಇಲ್ಲದ ಒಂಟಿ ಮನೆಗೆ ಅವರಾದರೂ ಯಾಕೆ ಬರಬೇಕು?) ಅಂದರೆ ಪ್ರೀತಿ ಬೇಕಾದರೂ ಮೊದಲು ದುಡ್ಡು ತೋರಿಸಬೇಕು, ಅಲ್ವಾ?

ದುಡ್ಡಿಂದ ಖುಷಿ ಬರಲ್ಲ ಅನ್ನೋದೂ ಪೂರ್ತಿ ನಿಜವಲ್ಲ. ಅಮೆರಿಕದವರ ಆದಾಯ ನೋಡಿದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್, ವರ್ಷಕ್ಕೆ ಸುಮಾರು 75,000 ಡಾಲರ್ ದಾಟಿದರೆ ದಿನದ ಖುಷಿ ಹೆಚ್ಚುವುದಿಲ್ಲ ಎಂದು 2010ರಲ್ಲಿ ಹೇಳಿದ್ದರು. 2023ರಲ್ಲಿ ಅದೇ ಕಾನಮನ್ ಇನ್ನಿಬ್ಬರ ಜೊತೆ ಸೇರಿ ಮತ್ತೆ ನೋಡಿದಾಗ, ಹೆಚ್ಚಿನವರಲ್ಲಿ ಆಮೇಲೂ ಖುಷಿ ಏರುತ್ತಲೇ ಇತ್ತು. ಏರಿಕೆ ನಿಂತಿದ್ದು ತೀರಾ ಬೇಸರದಲ್ಲಿದ್ದವರಲ್ಲಿ ಮಾತ್ರ.

ಸಾಲ ತೀರಿಸಿ, ಮನೆ ಕಟ್ಟಿದ ಮೇಲೂ ನಿಲ್ಲಿಸದವರ ಬಗ್ಗೆ ಲೇಖಕರು ಬರೆಯಬೇಕಿತ್ತು. ಅವರಿಗೆ ಹಳೇ ಭಯ ಹೋಗಿಲ್ಲವೋ, ಪಕ್ಕದ ಮನೆಯ ಹೊಸ ಕಾರು ಕಣ್ಣು ಕುಕ್ಕುತ್ತಿದೆಯೋ? ಎರಡನೆಯದೇ ಇರಬೇಕು ಅಂತ ನನ್ನ ಅನುಮಾನ.